ಹತ್ತು ಎಂಎಲ್ ಅಂದ್ರೆ ಹತ್ತೇ ಎಂಎಲ್

ಇವತ್ತು ಬೆಳಿಗ್ಗೆ ಎಂಟು ಗಂಟೆಗೆ ನಮ್ಮನೆ ಗೋಡೆಗೆ ಆಂಟಿಬಯಾಟಿಕ್ ಕುಡಿಸಿದೆ. ತಪ್ಪು ನಂದೇ, ಒಪ್ಕೋತೀನಿ. ಆದ್ರೂ ಒಂದ್ ಮಾತು, ಬಾಟ್ಲಿ ಮೇಲೆ 'ಚೆನ್ನಾಗಿ ಅಲ್ಲಾಡಿಸಿ' ಅಂತ ಅಷ್ಟು ದಪ್ಪಕ್ಷರದಲ್ಲಿ ಬರೀತಾರಲ್ಲ, ಅದಕ್ಕೂ ಮುಂಚೆ 'ಮುಚ್ಚಳ ತಿರುಗಿಸಿದ್ದೀರಾ ನೋಡ್ಕೊಳ್ಳಿ' ಅಂತ ಒಂದು ಸಾಲು ಬರೆದ್ರೆ ಇವರ ಗಂಟೇನು ಹೋಗುತ್ತೆ? ನಾನು ನಿದ್ದೆಗಣ್ಣಲ್ಲಿ ಫ್ರಿಡ್ಜಿಂದ ತೆಗೆದೆ, ಜೋರಾಗಿ ಒಂದ್ಸಲ ಅಲ್ಲಾಡಿಸಿದೆ, ಮುಚ್ಚಳ ಸುಮ್ನೆ ಮೇಲೆ ಕೂತಿತ್ತು ಅಷ್ಟೇ, ಅದು ಒಂದು ಕಡೆ ಹೋಯ್ತು ಔಷಧಿ ಇನ್ನೊಂದು ಕಡೆ ಹೋಯ್ತು. ಗೋಡೆ, ಫ್ರಿಡ್ಜಿನ ಬಾಗಿಲು, ನನ್ನ ಬನಿಯನ್ನು, ಎಲ್ಲಾ ಕಡೆ ಸುಣ್ಣ ಎರಚಿದ ಹಾಗೆ.

ಅಪ್ಪ ಬಂದ್ರು. ಬೈಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಬಾಟ್ಲಿ ತಗೊಂಡು ಕಿಟಕಿ ಹತ್ರ ಹೋಗಿ ಬೆಳಕಿಗೆ ಹಿಡಿದು ನೋಡಿ, "ಹದಿನೈದು ಎಂಎಲ್ ಹೋಯ್ತು" ಅಂದ್ರು.

ಹೈಸ್ಕೂಲಲ್ಲಿ ಮೂವತ್ನಾಲ್ಕು ವರ್ಷ ಲೆಕ್ಕದ ಮೇಷ್ಟ್ರಾಗಿದ್ದೋರು. ರಿಟೈರಾಗಿ ಹತ್ತು ವರ್ಷದ ಮೇಲಾಯ್ತು, ಲೆಕ್ಕ ಮಾತ್ರ ರಿಟೈರ್ ಆಗಿಲ್ಲ. ಗೋಡೆಯಿಂದ ಔಷಧಿ ಇನ್ನೂ ಇಳೀತಾ ಇದೆ, ಇವರು ಶುರು ಮಾಡಿದ್ರು. "ಮೂರು ಬಾಟ್ಲಿ, ಅರವತ್ತು ಅರವತ್ತರದ್ದು, ಒಟ್ಟು ನೂರ ಎಂಬತ್ತು. ಹೊತ್ತಿಗೆ ಹತ್ತರಂತೆ ದಿನಕ್ಕೆ ಇಪ್ಪತ್ತು, ಏಳು ದಿನಕ್ಕೆ ನೂರ ನಲವತ್ತು. ಹೇಗೂ ನಲವತ್ತು ಮಿಗ್ತಿತ್ತು. ಈಗ ನಿನ್ನ ಕೃಪೆಯಿಂದ ಇಪ್ಪತ್ತೈದು ಮಿಗುತ್ತೆ. ಅಡ್ಡಿಯಿಲ್ಲ." ಈ ಅಡ್ಡಿಯಿಲ್ಲ ಅನ್ನೋ ಪದ ಅವರ ಬಾಯಲ್ಲಿ, ಪರೀಕ್ಷೇಲಿ ಮೂವತ್ತೈದು ತಗೊಂಡು ಪಾಸಾದ ಹುಡುಗನಿಗೆ ಹೇಳೋ ಥರಾನೇ ಇತ್ತು.

ಕಥೆ ಆರು ದಿನದ ಹಿಂದಿಂದು. ನಂಗೆ ನಲವತ್ತೊಂದು ವರ್ಷ, ಮಾತ್ರೆ ನುಂಗೋಕೆ ಬರಲ್ಲ. ನಗಬೇಡಿ, ನಿಮ್ಮಲ್ಲೂ ಇದ್ದೀರ, ಹೇಳ್ಕೊಳಲ್ಲ ಅಷ್ಟೇ. ಬಾಯಿಗೆ ಮಾತ್ರೆ ಹಾಕಿ ನೀರು ಕುಡಿದ್ರೆ ನೀರು ಹೋಗುತ್ತೆ, ಮಾತ್ರೆ ಬಸ್ಸು ತಪ್ಪಿಸ್ಕೊಂಡೋರ ಥರ ನಾಲಿಗೆ ಮೇಲೇ ನಿಂತಿರುತ್ತೆ. ಅದರ ಮೇಲೆ ಈ ಸಲ ಗಂಟಲು ಊದಿ ಎಂಜಲು ನುಂಗೋದೇ ಕಷ್ಟ. ಡಾಕ್ಟರು ಟಾರ್ಚ್ ಬಿಟ್ಟು ನೋಡಿ, ಹತ್ತಿ ಕಡ್ಡೀಲಿ ಒರೆಸಿ ಟೆಸ್ಟ್ ಮಾಡಿಸಿ, ಬ್ಯಾಕ್ಟೀರಿಯಾನೇ ಅಂತ ಖಾತ್ರಿ ಮಾಡ್ಕೊಂಡ್ರು (ಗಂಟಲು ನೋವು ಸುಮಾರು ಸಲ ವೈರಸ್ಸಿಂದ ಬರುತ್ತೆ, ಆಗ ಆಂಟಿಬಯಾಟಿಕ್ ಕುಡಿದ್ರೂ ಒಂದೇ ಬಿಟ್ರೂ ಒಂದೇ ಅಂದ್ರು), ಆಮೇಲೆ ಮಾತ್ರೆ ಬರೆಯೋಕೆ ಹೋದ್ರು. ನಾನು ತಲೆ ತಗ್ಗಿಸಿ ವಿಷಯ ಹೇಳಿದೆ. ಅವರು ಪೆನ್ನು ನಿಲ್ಲಿಸಿ ಒಂದು ಸೆಕೆಂಡು ನನ್ನ ಮೀಸೆ ನೋಡಿ, ಸಿರಪ್ ಬರೆದ್ರು.

ಅಪ್ಪನಿಗೆ ಇದು ಸರಿಬರ್ಲಿಲ್ಲ, ಮಾತ್ರೇನೇ ತಂದು ಕುಟ್ಟಿ ಪುಡಿ ಮಾಡಿ ಕುಡಿ ಅಂದ್ರು. ಮೆಡಿಕಲ್ ಶಾಪಿನ ಹುಡುಗಿ "ಎಲ್ಲಾ ಮಾತ್ರೆನೂ ಹಾಗೆ ಕುಟ್ಟಂಗಿಲ್ಲ ಸರ್, ಕೆಲವಕ್ಕೆ ಮೇಲಿನ ಕೋಟಿಂಗ್ ಇದ್ರೇನೇ ಕೆಲಸ" ಅಂತ ಹೇಳಿ ಮೂರು ಡಬ್ಬ ಕೈಗಿಟ್ಟಳು. ಡಬ್ಬದ ಮೇಲೆ ನಗ್ತಾ ಇರೋ ಕರಡಿ ಮರಿ.

ಮನೆಗೆ ಬಂದು ತೆಗೆದ್ರೆ ಒಳಗೆ ಬರೀ ಪುಡಿ. ನೀರು ನಾವೇ ಹಾಕ್ಕೋಬೇಕು. ಅವರೇ ಯಾಕೆ ಹಾಕಿ ಕೊಡಲ್ಲ ಅಂದ್ರೆ ಅದಕ್ಕೆ ಕಾರಣ ಇದೆ, ಇದರಲ್ಲಿ ಅಮಾಕ್ಸಿಸಿಲಿನ್ ಅನ್ನೋ ಪೆನಿಸಿಲಿನ್ ಜಾತಿಯ ಆಂಟಿಬಯಾಟಿಕ್ ಜೊತೆ ಕ್ಲಾವುಲನಿಕ್ ಆಸಿಡ್ ಅಂತ ಒಬ್ಬ ನಾಜೂಕಿನ ಆಸಾಮಿ ಇದ್ದಾನೆ, ಅವನಿಗೂ ನೀರಿಗೂ ಆಗಿಬರಲ್ಲ, ನೀರು ತಾಕಿದ್ದೇ ತಡ ದಿನೇ ದಿನೇ ಸೊರಗ್ತಾನೆ. ಅದಕ್ಕೇ ಕಲಸಿದ್ಮೇಲೆ ಫ್ರಿಡ್ಜಲ್ಲಿ 2ರಿಂದ 8 ಡಿಗ್ರೀಲಿ ಇಡಿ, 7 ದಿನ ಆದ್ಮೇಲೆ ಎಸೀರಿ ಅಂತ ನನ್ನ ಬಾಟ್ಲಿ ಮೇಲೆ ಬರೆದಿತ್ತು. ಹಾಗಂತ ಎಲ್ಲಾ ಸಿರಪ್ಪನ್ನೂ ಫ್ರಿಡ್ಜಿಗೆ ತುರುಕಬೇಡಿ, ಕ್ಲಾರಿಥ್ರೊಮೈಸಿನ್ ಅಂತ ಇನ್ನೊಂದು ಆಂಟಿಬಯಾಟಿಕ್ ಇದೆ, ಅಂಥವನ್ನ ಹೊರಗೇ ಇಡಬೇಕು. ಯಾವುದಕ್ಕೂ ಲೇಬಲ್ ಓದಿ. ನಮ್ಮನೇಲಿ ಲೇಬಲ್ಲನ್ನ ಜೋರಾಗಿ ಓದಲಾಯ್ತು, ಎರಡು ಸಲ, ನಿಲ್ಲಿಸಿ ನಿಲ್ಲಿಸಿ, ಡಿಕ್ಟೇಶನ್ ಕೊಡೋ ಥರ.

ಕುದಿಸಿ ಆರಿಸಿದ ನೀರು. ಮೊದಲು ಬಾಟ್ಲಿ ಬುಡ ತಟ್ಟಿ ಪುಡಿ ಸಡಿಲ ಮಾಡ್ಬೇಕು. ಆಮೇಲೆ ಸ್ವಲ್ಪ ನೀರು ಹಾಕಿ ಅಲ್ಲಾಡಿಸಿ, ಆಮೇಲೆ ಗೆರೆ ತನಕ ತುಂಬಿಸಬೇಕು. ನಾನು ಒಂದೇ ಸಲ ಗೆರೆ ತನಕ ಹುಯ್ದೆ, ಅಲ್ಲಾಡಿಸಿದೆ, ನೊರೆ ಇಳೀತು, ನೋಡಿದ್ರೆ ಮಟ್ಟ ಗೆರೆಗಿಂತ ಒಂದು ಬೆರಳು ಕೆಳಗೆ! ಪುಡಿ ನೀರು ಕುಡ್ಕೊಂಡಿತ್ತು. "ಇಷ್ಟಕ್ಕೇ ಬಿಟ್ರೆ ಏನಾಗುತ್ತೆ ಹೇಳು?" ಅಂದ್ರು ಅಪ್ಪ. ಗಂಟಲಲ್ಲಿ ಬೆಂಕಿ, ಮೈಯಲ್ಲಿ ನೂರಾ ಎರಡು ಜ್ವರ, ನಂಗೆ ಮೌಖಿಕ ಪರೀಕ್ಷೆ. "ಔಷಧಿ ಮಂದ ಆಗುತ್ತೆ, ಪ್ರತಿ ಹತ್ತು ಎಂಎಲ್‌ಗೂ ಡೋಸ್ ಜಾಸ್ತಿ ಹೋಗುತ್ತೆ" ಅಂದೆ. "ಗುಡ್. ನೀರು ಹಾಕು."

ಇನ್ನು ಅಳತೆ. ಇದನ್ನ ಹೇಳ್ಲೇಬೇಕು.

ಆ ಪ್ಲಾಸ್ಟಿಕ್ ಕಪ್ ನೋಡಿದ್ದೀರಲ್ಲ, ಬಾಟ್ಲಿ ತಲೆ ಮೇಲೆ ಟೋಪಿ ಥರ ಕೂತಿರುತ್ತೆ. ಪಾರದರ್ಶಕ ಕಪ್ಪು, ಅದರ ಮೇಲೆ ಪಾರದರ್ಶಕ ಗೆರೆ, ಪಾರದರ್ಶಕ ಅಂಕಿ. ಯಾರು ಸ್ವಾಮಿ ಇದನ್ನ ಡಿಸೈನ್ ಮಾಡಿದ್ದು, ದೆವ್ವಗಳಿಗೋಸ್ಕರ ಮಾಡಿದ್ದಾ? ನಾನು ಕಪ್ಪನ್ನ ಕಣ್ಣಿನ ಮುಂದೆ ಎತ್ತಿ ಹಿಡ್ಕೊಂಡು ಅಂದಾಜಿನ ಮೇಲೆ ಸುರಿದೆ. "ಕೆಳಗಿಡು" ಅಂದ್ರು ಅಪ್ಪ. ಇಟ್ಟೆ. ಟೇಬಲ್ ಮುಂದೆ ಅವರು ಇಳಿಯೋಕೆ ಶುರು ಮಾಡಿದ್ರು. ಮೊದಲು ಒಂದು ಕೈ ಕುರ್ಚಿ ಮೇಲೆ, ಆಮೇಲೆ ಇನ್ನೊಂದು ಕೈ ಟೇಬಲ್ ಮೇಲೆ, ಬಲಮಂಡಿ ಟಕ್ ಅಂತು, ಎಡಮಂಡಿ ಅದಕ್ಕೆ ಉತ್ತರ ಕೊಡ್ತು, ಕೊನೆಗೆ ಕಪ್ಪಿನ ಎತ್ತರಕ್ಕೆ ಸರಿಯಾಗಿ ಕಣ್ಣು ಬಂತು. ಒಂದು ಕಣ್ಣು ಮುಚ್ಚಿದ್ರು. ಕಪ್ಪಿನ ಹಿಂದೆ ನನ್ನ ಮಗಳ ಡ್ರಾಯಿಂಗ್ ಪುಸ್ತಕದ ಕರೀ ರಟ್ಟು, ಅವಳೇ ಹಿಡ್ಕೊಂಡು ನಿಂತಿದ್ಲು. ಪಕ್ಕದಿಂದ ಮೊಬೈಲ್ ಟಾರ್ಚು, ಅದು ನನ್ನ ಡ್ಯೂಟಿ. ಖಗೋಳ ವಿಜ್ಞಾನಿಗಳು ಗ್ರಹಣ ನೋಡೋ ಹಾಗೆ ಮೂರು ತಲೆಮಾರು ಒಂದು ಕಪ್ ನೋಡ್ತಾ ಕೂತ್ವಿ. "ಅಂಚಲ್ಲಿ ಮೇಲೆ ಹತ್ತಿರುತ್ತೆ, ಅದನ್ನ ನೋಡಬೇಡ, ನಡುವಿನ ತಗ್ಗು ಗೆರೆಗೆ ಕೂತಿದ್ಯಾ ನೋಡು" ಅಂತ ಅಲ್ಲಿಂದಲೇ ಪಾಠ. ಹತ್ತೂವರೆ ಇತ್ತಂತೆ. ಅರ್ಧ ಎಂಎಲ್ ವಾಪಸ್ ಹುಯ್ಯಿಸಿದ್ರು. ಅಷ್ಟೊತ್ತಿಗೆ ಅವರಿಗೆ ಎದ್ದೇಳೋಕೆ ಆಗ್ಲಿಲ್ಲ, ನಾನು ಔಷಧಿ ಬಿಟ್ಟು ಅವರನ್ನ ಎತ್ತಬೇಕಾಯ್ತು.

ಇದು ದಿನಕ್ಕೆರಡು ಸಲ. ಬೆಳಿಗ್ಗೆ ಎಂಟು, ರಾತ್ರಿ ಎಂಟು, ಊಟ ತಿಂಡಿ ಶುರು ಮಾಡೋ ಹೊತ್ತಿಗೆ, ಹೊಟ್ಟೆಗೆ ಹಗುರ ಆಗ್ಲಿ ಅಂತ. ಮೂರನೇ ದಿನಕ್ಕೆ ನಾನು ತಡೀಲಾರದೆ ಸೂಜಿ ಇಲ್ಲದ ಸಿರಿಂಜ್ ತಂದುಬಿಟ್ಟೆ, ಬಾಯಿಗೆ ಔಷಧಿ ಹಾಕೋಕೆ ಅಂತಲೇ ಸಿಗುತ್ತಲ್ಲ, ಗೆರೆ ಕಪ್ಪಗಿರುತ್ತೆ, ಎಳೆದ್ರೆ ಮುಗೀತು. ಅಪ್ಪನಿಗೆ ಅದು ಎಷ್ಟು ಇಷ್ಟ ಆಯ್ತು ಅಂದ್ರೆ ಅಡುಗೆಮನೇಲಿದ್ದ ಚಮಚಗಳನ್ನೆಲ್ಲಾ ಸಾಲಾಗಿ ಇಟ್ಕೊಂಡು ಅಳೆಯೋಕೆ ಕೂತ್ರು. ಟೀ ಸ್ಪೂನ್ ಅಂದ್ರೆ 5 ಎಂಎಲ್ ಇರ್ಬೇಕು. ನಮ್ಮನೆ ಚಮಚ ಒಂದು ಮೂರು, ಒಂದು ನಾಲ್ಕೂವರೆ, ಹಳೇ ದಪ್ಪ ಸ್ಟೀಲಿಂದು ಆರೂವರೆ! ಆ ದಪ್ಪದ್ದನ್ನ ಕೈಲಿ ಹಿಡ್ಕೊಂಡು ಸ್ವಲ್ಪ ಹೊತ್ತು ಸುಮ್ನಿದ್ರು. "ನಿಂಗೆ ಚಿಕ್ಕೋನಿದ್ದಾಗ ಇದರಲ್ಲೇ ಕುಡಿಸ್ತಿದ್ದೆ ಕಣೋ. ಒಂದು ಚಮಚ ಅಂದ್ರೆ ಒಂದು ಚಮಚ ಅನ್ಕೊಂಡಿದ್ದೆ." ಲೆಕ್ಕದ ಮೇಷ್ಟ್ರಿಗೆ ಲೆಕ್ಕ ತಪ್ಪಿದ್ದು ಮೂವತ್ತೈದು ವರ್ಷ ಆದ್ಮೇಲೆ ಗೊತ್ತಾಗಿತ್ತು. ನಾನು ಏನಾದ್ರೂ ತಮಾಷೆ ಮಾಡೋಣ ಅಂತಿದ್ದೆ, ಮಾಡ್ಲಿಲ್ಲ. ಚಮಚ ಹಿಡಿದ ಕೈ ಈಚೆಗೆ ಸಣ್ಣಗೆ ನಡುಗುತ್ತೆ. ಬಾಟ್ಲಿ ಅಲ್ಲಾಡಿಸೋ ಡ್ಯೂಟಿ ಅದಕ್ಕೇ ತಾನೇ ಇಟ್ಕೊಂಡಿದ್ದಾರೆ, "ನಂಗೆ ಸುಲಭ, ಹೇಗೂ ಅಲ್ಲಾಡ್ತಿರುತ್ತೆ" ಅಂತ. (ಅಲ್ಲಾಡಿಸ್ಲೇಬೇಕು, ಇಲ್ದಿದ್ರೆ ಔಷಧಿ ತಳಕ್ಕೆ ಕೂರುತ್ತೆ, ಮೊದಲ ದಿನ ಬಣ್ಣದ ನೀರು ಕೊನೇ ದಿನ ಗಸಿ.) ಇವತ್ತು ಅವರು ಸ್ನಾನಕ್ಕೆ ಹೋಗಿದ್ರು, ನಾನು ಕೈ ಹಾಕಿದೆ, ಗೋಡೆ ಕುಡೀತು.

ಎರಡನೇ ದಿನದ ವಿಷಯ ಹೇಳೋದು ಮರೆತೆ. ಮಧ್ಯಾಹ್ನ ಅಪ್ಪ "ಬೆಳಿಗ್ಗೆ ತಗೊಂಡ್ಯಾ?" ಅಂದ್ರು. ಜ್ವರದ ಮಂಪರಲ್ಲಿ "ತಗೊಂಡೆ ಅನ್ಸುತ್ತೆ" ಅಂದುಬಿಟ್ಟೆ. "ಅನ್ಸುತ್ತೆ ಅನ್ನೋದು ಲೆಕ್ಕದಲ್ಲಿ ಇಲ್ಲ" ಅಂದ್ರು, ಹೋಗಿ ಬಾಟ್ಲಿ ಮಟ್ಟ ನೋಡಿ ತಗೊಂಡಿದ್ದಾನೆ ಅಂತ ಸಾಬೀತು ಮಾಡಿದ್ರು, ಸಂಜೆ ಹೊತ್ತಿಗೆ ಫ್ರಿಡ್ಜ್ ಮೇಲೆ ಒಂದು ಹಾಳೆ ಅಂಟ್ತು. ತಾರೀಖು, ವೇಳೆ, ಎಂಎಲ್, ಸಹಿ. ಸಹಿ ನಂದು, ಮೇಲುಸಹಿ ಅವರದ್ದು. ನಾಲ್ಕನೇ ದಿನ ಆಫೀಸಲ್ಲಿ ಸಿಕ್ಕಾಕೊಂಡು ರಾತ್ರಿ ಡೋಸ್ ಹತ್ತೂವರೆಗೆ ನೆನಪಾಯ್ತು, ನೆನಪಾದ ತಕ್ಷಣ ತಗೊಂಡೆ, ಆ ಕಾಲಮ್ಮಲ್ಲಿ ಕೆಂಪು ಇಂಕಲ್ಲಿ 'ತಡ' ಅಂತ ಬಿತ್ತು. ತಪ್ಪಿಹೋಯ್ತು ಅಂತ ಮುಂದಿನ ಸಲ ಎರಡೂ ಸೇರಿಸಿ ಕುಡಿಯೋ ಹಾಗಿಲ್ಲ, ಮುಂದಿನ ಹೊತ್ತು ಹತ್ತಿರ ಬಂದಿದ್ರೆ ತಪ್ಪಿದ್ದನ್ನ ಬಿಟ್ಟೇ ಬಿಡಬೇಕು ಅಂತ ಕೆಳಗೆ ಷರಾ ಬೇರೆ. ದಿನಾ ಬೆಳಿಗ್ಗೆ ತೋಳು ಬೆನ್ನು ತೋರಿಸಬೇಕು, ದದ್ದು ಎದ್ದಿದ್ಯಾ ಅಂತ ತಪಾಸಣೆ, ಅಲರ್ಜಿಗೆ. ಮುಖ ಊದಿದ್ರೆ, ಉಸಿರು ಕಟ್ಟಿದ್ರೆ ಒಂದು ನಿಮಿಷನೂ ಕಾಯದೆ ಆಸ್ಪತ್ರೆಗೆ, ಅದು ಸರಿ. ಆದ್ರೆ ಐದನೇ ದಿನ ಒಂದು ಸೊಳ್ಳೆ ಕಚ್ಚಿದ ಗುರುತಿಗೆ ಅಪ್ಪ ಚಪ್ಪಲಿ ಮೆಟ್ಕೊಂಡು ರೆಡಿಯಾಗಿದ್ರು.

ಆ ಹಾಳೆ ಇಲ್ದಿದ್ರೆ ನಾನು ಮೂರನೇ ದಿನಕ್ಕೇ ನಿಲ್ಲಿಸ್ತಿದ್ದೆ, ಸುಳ್ಳು ಯಾಕೆ. ಗಂಟಲು ಸರಿಹೋಗಿತ್ತು, ಹೊಟ್ಟೆ ಕೆಟ್ಟಿತ್ತು, ಆ ಸಿರಪ್ಪಿನ ಹಣ್ಣಿನ ವಾಸನೆ ಬೇರೆ, ಯಾವ ಹಣ್ಣೂ ಅದನ್ನ ತನ್ನ ಸಂಬಂಧಿ ಅಂತ ಒಪ್ಕೊಳಲ್ಲ. "ವಾಸಿ ಆಯ್ತಲ್ಲಪ್ಪ, ಸಾಕು" ಅಂದೆ ಊಟಕ್ಕೆ ಕೂತಾಗ. ಅಪ್ಪ ತಟ್ಟೆ ಪಕ್ಕಕ್ಕೆ ಸರಿಸಿದ್ರು. ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ 1945ರ ಡಿಸೆಂಬರಲ್ಲಿ ನೊಬೆಲ್ ಭಾಷಣ ಮಾಡ್ತಾ ಒಂದು ಕಥೆ ಹೇಳಿದ್ರಂತೆ. ಒಬ್ಬನಿಗೆ ಗಂಟಲು ನೋವು. ತಾನೇ ಪೆನಿಸಿಲಿನ್ ತಂದು ಕಮ್ಮಿ ಕಮ್ಮಿ ತಗೋತಾನೆ, ಕ್ರಿಮಿ ಸಾಯಲ್ಲ, ಬದಲಿಗೆ ಔಷಧಿಗೆ ಬಗ್ಗದೆ ಇರೋದನ್ನ ಕಲಿಯುತ್ತೆ. ಅದು ಅವನ ಹೆಂಡತಿಗೆ ಅಂಟುತ್ತೆ, ನ್ಯುಮೋನಿಯಾ ಆಗುತ್ತೆ, ಪೆನಿಸಿಲಿನ್ ಕೊಟ್ರೆ ನಾಟಲ್ಲ, ಹೆಂಡತಿ ಸಾಯ್ತಾಳೆ. ಯಾರು ಹೊಣೆ?

ನನ್ನ ಹೆಂಡತಿ ಸೌಟು ಹಿಡ್ಕೊಂಡು ನಿಂತಿದ್ಲು. ಏನೂ ಮಾತಾಡ್ಲಿಲ್ಲ. ಸೀದಾ ಫ್ರಿಡ್ಜಿಗೆ ಹೋಗಿ ಬಾಟ್ಲಿ ತಂದು ನನ್ನ ತಟ್ಟೆ ಮುಂದೆ ಕುಕ್ಕಿ, "ಕುಡೀರಿ" ಅಂದ್ಲು. ಅವತ್ತಿಂದ ಹಾಳೇಲಿ ಮೂರನೇ ಸಹಿ.

ಇನ್ನೊಂದು ಚಾಳಿ ಇದೆ ಅಪ್ಪಂದು. ಸಿರಿಂಜ್ ಖಾಲಿಯಾದ್ಮೇಲೆ ಅದಕ್ಕೇ ಒಂಚೂರು ನೀರು ಎಳೆದು, ಕಲಕಿ, ಅದನ್ನೂ ಕುಡಿಸ್ತಾರೆ. ನಂಗೆ ಮೈಯೆಲ್ಲಾ ಉರಿಯುತ್ತೆ ಈ ಕಂಜೂಸ್‌ತನ ನೋಡಿದ್ರೆ. ಅದೇ ಉರೀಲಿ ಮೊನ್ನೆ ರಾತ್ರಿ ಮೊಬೈಲಲ್ಲಿ ಪೆನಿಸಿಲಿನ್ ಕಥೆ ಓದ್ತಾ ಮಲಗಿದ್ದೆ. 1941ರಲ್ಲಿ ಆಕ್ಸ್‌ಫರ್ಡಲ್ಲಿ ಒಬ್ಬ ಪೊಲೀಸಿನೋನಿಗೆ ಮುಖದ ತುಂಬಾ ಕೀವು ಹಬ್ಬಿ, ಪೆನಿಸಿಲಿನ್ ಕೊಟ್ರು, ನಾಲ್ಕೈದು ದಿನದಲ್ಲಿ ಚೇತರಿಸ್ಕೊಂಡ. ಆದ್ರೆ ಔಷಧಿ ಇದ್ದಿದ್ದೇ ಅಷ್ಟು. ಅವನ ಮೂತ್ರದಿಂದ ಕೂಡ ಪೆನಿಸಿಲಿನ್ ವಾಪಸ್ ತೆಗೆದು ಅವನಿಗೇ ಕೊಟ್ರಂತೆ, ಅದೂ ಮುಗೀತು, ಮುಂದಿನ ತಿಂಗಳು ಹೋಗಿಬಿಟ್ಟ. ಇವತ್ತು ಗೋಡೆ ಒರೆಸ್ತಾ ಆ ಪೊಲೀಸಿನೋನು ಯಾಕೋ ನೆನಪಾದ. ಬಟ್ಟೆ ಹಿಂಡಿ ಬಕೆಟ್ಟಿಗೆ ಹಾಕೋವಾಗ ಒಂಥರಾ ಆಯ್ತು.

ಸರಿ, ಮೂರನೇ ಬಾಟ್ಲಿ ಕಲಸಿದ್ವಿ. ಹಳೇದರಲ್ಲಿ ಉಳಿದಿದ್ದ ಐದು, ಹೊಸದರಿಂದ ಐದು. ತಟ್ಟಿ, ಸ್ವಲ್ಪ ನೀರು, ಅಲ್ಲಾಡಿಸಿ, ಗೆರೆ ತನಕ ನೀರು, ಈ ಸಲ ನಾನು ತಪ್ಪು ಮಾಡ್ಲಿಲ್ಲ. ನಾಳೆ ರಾತ್ರಿಗೆ ಮುಗಿಯುತ್ತೆ. ಮಿಗೋ ಇಪ್ಪತ್ತೈದು ಎಂಎಲ್ ಬಗ್ಗೆ ಈಗಲೇ ಜಗಳ ಶುರುವಾಗಿದೆ, "ಫ್ರಿಡ್ಜಲ್ಲಿರ್ಲಿ, ಯಾರಿಗಾದ್ರೂ ಗಂಟಲು ನೋವು ಬಂದ್ರೆ" ಅಂತಾರೆ, ಫ್ಲೆಮಿಂಗ್ ಕಥೆ ಹೇಳಿದ್ದು ಇವರೇನಾ ಅನ್ಸುತ್ತೆ ನಂಗೆ. ಉಳಿದಿದ್ದನ್ನ ಮೆಡಿಕಲ್ ಶಾಪಲ್ಲಿ ವಾಪಸ್ ತಗೋತಾರಾ ಕೇಳ್ತೀನಿ, ಇಲ್ಲಾಂದ್ರೆ ಮಣ್ಣಿಗೆ ಕಲಸಿ ಕವರ್ ಕಟ್ಟಿ ಕಸಕ್ಕೆ ಹಾಕ್ತೀನಿ, ಸಿಂಕಿಗೆ ಸುರಿಯಲ್ಲ ಅಂತ ಹೇಳಿದ್ದೀನಿ. ಮುಖ ಸಣ್ಣದು ಮಾಡ್ಕೊಂಡ್ರು.

ಔಷಧಿ ಬಿದ್ದು ಒದ್ದೆಯಾದ ಹಾಳೆ ತೆಗೆದು ಬೇರೆ ಅಂಟಿಸೋಣ ಅಂತ ಫ್ರಿಡ್ಜ್ ಮೇಲೆ ಪೆನ್ ಹುಡುಕ್ತಿದ್ದೆ. ಕೈಗೆ ಅಪ್ಪನ ಬಿಪಿ ಮಾತ್ರೆ ಡಬ್ಬಿ ಸಿಕ್ತು, ವಾರಕ್ಕೆ ಏಳು ಖಾನೆ ಇರೋದು. ತೆಗೆದು ನೋಡ್ತೀನಿ, ಸೋಮವಾರದ್ದು ಹಾಗೇ ಇದೆ. ಬುಧವಾರದ್ದೂ ಇದೆ.

"ಅಪ್ಪಾ, ಬಿಪಿ ಮಾತ್ರೆ ತಗೊಂಡ್ರಾ?"

ಪೇಪರ್ ಹಿಂದಿನಿಂದ ಸ್ವಲ್ಪ ಹೊತ್ತು ಸದ್ದಿಲ್ಲ.

"ತಗೊಂಡೆ ಅನ್ಸುತ್ತೆ."