ಸೊಸೆ ಕಲ್ಲು, ಗಂಡನ ಕುರ್ಚಿ

ಕಳೆದ ಭಾನುವಾರ ಬೆಳಗ್ಗೆ ಹೆಂಡತಿ ಜೊತೆ ತಿಂಡಿಗೆ ಹೋಗಿದ್ದೆ. ಹಾಸನದ ಬಿ.ಎಂ. ರಸ್ತೆಯ ಒಂದು ಹೋಟೆಲು. ಹೆಸರು ಹೇಳಲ್ಲ, ಮುಂದಿನ ಭಾನುವಾರವೂ ಅಲ್ಲಿಗೇ ಹೋಗಬೇಕು. ನಾಲ್ಕು ಜನ ಕೂರುವ ಟೇಬಲ್ಲೊಂದು ಖಾಲಿಯಾಯಿತು. ಇವಳು ಗೋಡೆ ಕಡೆ ಸರಿದು ಕೂತಳು. ನಾನು ಅವಳ ಪಕ್ಕ ಕೂತೆ. ನಾನು ಮಾಡಿದ್ದು ಅಷ್ಟೇ, ದೇವರಾಣೆ.

ಸಪ್ಲೈಯರ್ ಬಂದ. ನಮ್ಮನ್ನು ನೋಡಿದ. ಎದುರಿನ ಖಾಲಿ ಕುರ್ಚಿಗಳನ್ನು ನೋಡಿದ.

“ಇನ್ನೂ ಇಬ್ರು ಬರ್ತಾರಾ ಸಾರ್?”

“ಇಲ್ಲಪ್ಪ, ಇಷ್ಟೇ.”

“ಹಂಗಾದ್ರೆ ಎದುರಿಗೆ ಕೂತ್ಕಳಿ ಸಾರ್. ಬೇರೆ ಗಿರಾಕಿಗೆ ಜಾಗ ಬೇಕು.”

ನನಗೆ ಲೆಕ್ಕ ಹತ್ತಲಿಲ್ಲ. ಪಕ್ಕ ಕೂತರೂ ಎರಡು ಕುರ್ಚಿ ಖಾಲಿ, ಎದುರು ಕೂತರೂ ಎರಡು ಕುರ್ಚಿ ಖಾಲಿ. ಹಾಗಂತ ಕೇಳಿದೆ. ಅವನು ಪಾಪ ನಿಧಾನವಾಗಿ ಬಿಡಿಸಿ ಹೇಳಿದ. “ಹಂಗಲ್ಲ ಸಾರ್. ಎದುರುಬದುರು ಕೂತ್ರೆ ತಿಂಡಿಗೆ ಬಂದವ್ರೆ ಅಂತ ಜನ ಬಂದು ಕೂರ್ತಾರೆ. ಹಿಂಗೆ ಒಂದೇ ಕಡೆ ಕೂತ್ರೆ ಏನೋ ಮಾತಾಡಕ್ಕೆ ಬಂದವ್ರೆ ಅಂತ ಆ ಕಡೆ ಹೋಗ್ತಾರೆ.”

ಮದುವೆಯಾಗಿ 22 ವರ್ಷವಾದ ಮೇಲೆ ನಮ್ಮಿಬ್ಬರ ನಡುವೆ ಏನೋ ಮಾತಿದೆ ಅಂತ ಒಬ್ಬನಾದರೂ ನಂಬಿದನಲ್ಲ! ಖುಷಿಯಾಯಿತು. ಅಷ್ಟರಲ್ಲಿ ಇವಳು ಮೊಣಕೈಯಲ್ಲಿ ತಿವಿದಳು. “ರೀ, ಸುಮ್ನೆ ಎದುರಿಗೆ ಹೋಗಿ. ಎಲ್ಲಾ ನಮ್ಮನ್ನೇ ನೋಡ್ತಿದಾರೆ.” ನೋಡಿದೆ. ನಿಜ, ನೋಡ್ತಿದ್ದರು. ಗಲ್ಲಾದಲ್ಲಿ ಕೂತ ಯಜಮಾನರು ಕನ್ನಡಕದ ಮೇಲಿನಿಂದ ನೋಡ್ತಿದ್ದರು. ಕೈ ತೊಳೆಯಲು ಹೊರಟವರೊಬ್ಬರು ನಿಂತು ನೋಡ್ತಿದ್ದರು. ಇದೇ ಹೆಂಡತಿಯನ್ನು ಬೈಕಿನ ಹಿಂದೆ ಕೂರಿಸಿಕೊಂಡು ಊರೆಲ್ಲ ಸುತ್ತಿದರೆ ಯಾರೂ ತಿರುಗಿ ನೋಡಲ್ಲ. ಇಡ್ಲಿ ವಡೆ ಮುಂದೆ ಅಕ್ಕಪಕ್ಕ ಕೂತರೆ ಮಾತ್ರ ನೋಟ. ನಾನೂ ಹಠ ಹಿಡಿದೆ. ಏಳಲಿಲ್ಲ.

ಹಾಸನಾಂಬೆ ಗುಡಿಯಲ್ಲಿ ಸೊಸೆ ಕಲ್ಲು ಅಂತ ಒಂದಿದೆ. ಅತ್ತೆ ಕಾಟ ತಾಳಲಾರದೆ ದೇವಿಯ ಮೊರೆ ಹೋದ ಸೊಸೆ ಅಲ್ಲೇ ಕಲ್ಲಾದಳಂತೆ. ಆ ಕಲ್ಲು ವರ್ಷಕ್ಕೆ ಒಂದು ಅಕ್ಕಿಕಾಳಿನಷ್ಟು ದೇವಿ ಕಡೆ ಸರಿಯುತ್ತದೆ, ಪಾದ ಮುಟ್ಟಿದ ದಿನ ಕಲಿಯುಗ ಮುಗಿಯುತ್ತದೆ ಅನ್ನೋದು ನಮ್ಮೂರಿನ ನಂಬಿಕೆ. ಗುಡಿ ಬಾಗಿಲು ತೆಗೆಯೋದು ವರ್ಷಕ್ಕೊಮ್ಮೆ, ದೀಪಾವಳಿ ಆಸುಪಾಸಿನಲ್ಲಿ. ಆ ನೂಕುನುಗ್ಗಲಿನಲ್ಲಿ ಟೇಪು ಹಿಡಿದು ಅಳೆಯೋಕಾಗಲ್ಲ. ಆದರೆ ಗಂಡನ ಕುರ್ಚಿ ಸರಿಯೋದನ್ನು ನೋಡಬೇಕಂದ್ರೆ ದೀಪಾವಳಿವರೆಗೆ ಕಾಯಬೇಕಿಲ್ಲ. ಯಾವ ಹೋಟೆಲಿಗಾದರೂ ಹೋಗಿ.

ಮದುವೆಯಾದ ಹೊಸತರಲ್ಲಿ ಕುರ್ಚಿ ಪಕ್ಕದಲ್ಲೇ ಅಂಟಿಕೊಂಡಿರುತ್ತದೆ. ಒಂದು ಮಸಾಲೆ ದೋಸೆ, ಎರಡು ಚಮಚ, ಬೈಟು ಕಾಫಿ. ಸಪ್ಲೈಯರ್ ಮೂರು ಸಲ ಬಂದು ಕೆಮ್ಮಿದರೂ ಕೇಳಿಸಲ್ಲ. ಆಮೇಲೆ ಮಗು ಬಂದು ಮಧ್ಯೆ ಕೂರುತ್ತದೆ. ಅದು ಚಟ್ನಿಗೆ ಕೈ ಅದ್ದಿ ಎಡಕ್ಕೊಂದು ಬಲಕ್ಕೊಂದು ಬಳಿಯುತ್ತದೆ. ಬಿಳಿ ಶರಟಿನವನು ಮೊದಲು ಸರಿಯುತ್ತಾನೆ. ಇನ್ನೈದು ವರ್ಷಕ್ಕೆ ನೋಡಿದರೆ ಅವನು ಎದುರಿನ ಕುರ್ಚಿಯಲ್ಲಿ! ಕಾರಣ ಕೇಳಿದರೆ ಫ್ಯಾನ್ ಗಾಳಿ ಅಂತಾನೆ. ನಿಜವಾದ ಕಾರಣ ಅವಳ ತಲೆ ಮೇಲಿನ ಗೋಡೆಯಲ್ಲಿರುವ ಟೀವಿ. ಇಷ್ಟು ವರ್ಷದ ಮೇಲೂ ನನ್ನ ಮುಖ ನೋಡ್ಕೊಂಡು ತಿಂತಾರಲ್ಲ ಅಂತ ಅವಳಿಗೆ ಒಳಗೊಳಗೇ ಸಂತೋಷ. ಅವನು ನೋಡ್ತಿರೋದು ಅವಳ ಹಣೆಯಿಂದ ಎರಡಡಿ ಮೇಲೆ. ವಿಕೆಟ್ ಬಿದ್ದಾಗ ಗುಟ್ಟು ರಟ್ಟಾಗುತ್ತದೆ.

ಹೆಂಗಸರೇನು ಕಡಿಮೆಯಿಲ್ಲ. ಅವರಿಗೆ ಬಾಗಿಲ ಕಡೆ ಮುಖ ಮಾಡುವ ಕುರ್ಚಿಯೇ ಬೇಕು. ಯಾರು ಯಾರ ಜೊತೆ ಬಂದರು, ಯಾವ ಸೀರೆ ಉಟ್ಟಿದ್ದರು, ಪಾರ್ಸೆಲ್ ಎಷ್ಟು ಕಟ್ಟಿಸಿದರು, ಎಲ್ಲ ಲೆಕ್ಕವೂ ಆ ಕುರ್ಚಿಯಿಂದಲೇ.

ಗಲ್ಲಾದ ಯಜಮಾನರು ಅಷ್ಟಕ್ಕೇ ಬಿಡಲಿಲ್ಲ. “ಈಗಿನವ್ರದ್ದು ಎಲ್ಲಾ ಹೊಸಾದು ಬಿಡಿ,” ಅಂದರು, ನನಗೆ ಕೇಳುವಂತೆ, ಇನ್ಯಾರಿಗೋ ಹೇಳುವಂತೆ. ಹೊಸದೇ? ಇಲ್ಲಿಂದ ಸುಮಾರು 30 ಕಿ.ಮೀ. ಹೋದರೆ ಹಳೇಬೀಡು. 12ನೇ ಶತಮಾನದ ದೇವಸ್ಥಾನ. ಅದರಲ್ಲಿ ಒಂದು ಗರ್ಭಗುಡಿ ಹೊಯ್ಸಳೇಶ್ವರನದು, ಇನ್ನೊಂದು ಶಾಂತಲೇಶ್ವರನದು. ವಿಷ್ಣುವರ್ಧನ ರಾಜನ ಲೆಕ್ಕಕ್ಕೊಂದು, ಶಾಂತಲಾ ರಾಣಿ ಹೆಸರಿಗೊಂದು. ಎರಡೂ ಅಕ್ಕಪಕ್ಕ. ಎರಡಕ್ಕೂ ಪೂರ್ವಕ್ಕೇ ಮುಖ. ಎದುರುಬದುರು ಕೂರಿ, ಬೇರೆ ಗಿರಾಕಿಗೆ ಜಾಗ ಬಿಡಿ ಅಂತ ಅವರಿಗೆ ಯಾರೂ ಹೇಳಲಿಲ್ಲ. ಇನ್ನೊಂದು ವಿಷಯ. ಆ ಒಂದೊಂದು ಗುಡಿ ಮುಂದೆಯೂ ಒಂದೊಂದು ನಂದಿ ಇದೆ. ಅಂದ್ರೆ, ಅಕ್ಕಪಕ್ಕ ಕೂತರೂ ಮಾತಾಡದೆ ತಮ್ಮ ತಮ್ಮ ಎದುರಿಗಿರೋದನ್ನೇ ನೋಡ್ತಾ ಕೂರುವ ಪದ್ಧತಿಯೂ ಹಳೇದೇ. ಈಗ ನಂದಿ ಜಾಗದಲ್ಲಿ ನೀರಿನ ಜಗ್ಗಿಗೆ ಒರಗಿಸಿದ ಮೊಬೈಲ್ ಇದೆ, ಅಷ್ಟೇ.

ಮದುವೆ ಮನೆ ಪಂಕ್ತಿಯಲ್ಲೂ ಪಕ್ಕಪಕ್ಕವೇ ಅಲ್ವಾ? ಎದುರಿಗೆ ಬರೋದು ಬಡಿಸುವವರು ಮಾತ್ರ. ಹೋಳಿಗೆ ತಪ್ಪಬಾರದು ಅಂದ್ರೆ ಅವರ ಮುಖವನ್ನೇ ನೋಡಬೇಕು.

ಮೊದಲು ಹೋಟೆಲುಗಳಲ್ಲಿ ಫ್ಯಾಮಿಲಿ ರೂಂ ಅಂತ ಇರುತ್ತಿತ್ತು. ಅರ್ಧ ಬಾಗಿಲು, ಇಲ್ಲಾಂದ್ರೆ ಒಂದು ಕರ್ಟನ್. ಸಾರು ಒರೆಸಿ ಒರೆಸಿ ಅದರ ಬಣ್ಣ ಯಾವುದಂತ ಗೊತ್ತಾಗುತ್ತಿರಲಿಲ್ಲ. ಒಳಗೆ ಸೆಖೆ, ಫ್ಯಾನಿಗೆ ತಿರುಗೋ ಮನಸ್ಸಿಲ್ಲ. ಆದರೂ ಒಂದು ಅನುಕೂಲ ಇತ್ತು. ನೀವು ಪಕ್ಕ ಕೂತಿರೋ, ಎದುರು ಕೂತಿರೋ, ಕಾಲು ಮೇಲೆ ಹಾಕಿ ಕೂತಿರೋ, ಯಾರಿಗೂ ಕಾಣುತ್ತಿರಲಿಲ್ಲ. ಆ ಕರ್ಟನ್ ತೆಗೆದು ಗಾಜು ಹಾಕಿದ ದಿನದಿಂದ ಊರವರ ಕೆಲಸ ಜಾಸ್ತಿಯಾಯಿತು.

ಹೈವೇ ಕಡೆ ಈ ತೊಂದರೆ ಇಲ್ಲ. ಶನಿವಾರ ಬೆಳಗ್ಗೆ ಬೆಂಗಳೂರಿಂದ ಸಕಲೇಶಪುರಕ್ಕೆ ಹೊರಟ ಬೈಕ್ ಜೋಡಿಗಳು ಚನ್ನರಾಯಪಟ್ಟಣ ದಾಟುತ್ತಿದ್ದಂತೆ ತಿಂಡಿಗೆ ಇಳಿಯುತ್ತವೆ. ಎಲ್ಲರೂ ಒಂದೇ ಕಡೆ. ಸೆಲ್ಫಿಗೆ ಇಬ್ಬರೂ ಬೀಳಬೇಕಲ್ಲ. ಎದುರಿನ ಕುರ್ಚಿಗಳಲ್ಲಿ ಎರಡು ಹೆಲ್ಮೆಟ್. ಅವೂ ಒಂದಕ್ಕೊಂದು ಆತುಕೊಂಡು ಕೂತಿರುತ್ತವೆ. ಒಂದು ಸಲ ನಾನು ದೂರದಿಂದ ಎರಡು ಜೋಡಿ ಅಂತಲೇ ತಿಳಿದಿದ್ದೆ. ಮಾತು ಕಡಿಮೆ ಇದ್ದದ್ದು ಹೆಲ್ಮೆಟ್ ಜೋಡಿಯಲ್ಲೋ ಇವರಲ್ಲೋ ಅಂತ ಈಗಲೂ ಹೇಳಲಾರೆ.

ನನ್ನ ಕೇಳಿದರೆ, ಈ ವಿಷಯದಲ್ಲಿ ನಿಜವಾದ ಬುದ್ಧಿವಂತರು ಅಯ್ಯಂಗಾರ್ ಬೇಕರಿಯವರು. ನಾಡಿನ ಮೂಲೆಮೂಲೆಯಲ್ಲಿರುವ ಆ ಬೇಕರಿಗಳವರಲ್ಲಿ ಬಹಳಷ್ಟು ಜನ ನಮ್ಮ ಹಾಸನ ಜಿಲ್ಲೆಯವರೇ. ಕುರ್ಚಿಯನ್ನೇ ಹಾಕಲಿಲ್ಲ ನೋಡಿ! ಖಾರಾ ಬನ್ನು ಕೈಗೆ ಕೊಟ್ಟು ರಸ್ತೆ ಪಕ್ಕ ನಿಲ್ಲಿಸಿದರು. ಕುರ್ಚಿಯೇ ಇಲ್ಲದ ಮೇಲೆ ಸರಿಯೋದೆಲ್ಲಿಗೆ?

ಇರಲಿ, ನಮ್ಮ ಟೇಬಲ್ಲಿಗೆ ಬರೋಣ. ಸಪ್ಲೈಯರ್ ಹೇಳಿದ್ದು ಸುಳ್ಳಾಯಿತು. ಎರಡೇ ನಿಮಿಷದಲ್ಲಿ ಅರಕಲಗೂಡು ಕಡೆಯ ಅಜ್ಜ ಒಬ್ಬರು ಬಂದು, ಹೆಗಲ ಟವೆಲಿನಿಂದ ಕುರ್ಚಿ ಒರೆಸಿ ನಮ್ಮೆದುರು ಕೂತೇಬಿಟ್ಟರು. ನಾವಿಬ್ಬರು ಈ ಕಡೆ ಸಾಲಾಗಿ, ಅವರು ಆ ಕಡೆ. ಥೇಟ್ ಹೆಣ್ಣು ನೋಡೋ ಶಾಸ್ತ್ರ.

“ಯಾವೂರಾಯ್ತಪ್ಪ?”

ಹೇಳಿದೆ.

“ಮಕ್ಳೆಷ್ಟವ್ವ?”

ಇವಳು ಹೇಳಿದಳು.

“ಹೊಸದಾಗಿ ಮದ್ವೆ ಆದವ್ರು ಅನ್ಕಂಡೆ, ಹಿಂಗ್ ಕುಂತಿದ್ರಲ್ಲ.” ಇಬ್ಬರ ತಲೆಗೂದಲನ್ನೂ ಇನ್ನೊಂದು ಸಲ ನೋಡಿದರು. “ಅಲ್ಲ ಬಿಡಿ.”

ಇವಳ ಕೋಪ ಸಪ್ಲೈಯರ್ ಮೇಲಿಂದ ನನ್ನ ಮೇಲೆ ಬಂತು. ನಾನು ಮಾತು ತಿರುಗಿಸೋಕೆ, “ಅಜ್ಜಿ ಬಂದಿಲ್ವಾ ಅಜ್ಜಾ?” ಅಂದೆ. ಅವರು ಗದ್ದದಲ್ಲೇ ಆಚೆ ತೋರಿಸಿದರು. ಹಾಲಿನ ಇನ್ನೊಂದು ಮೂಲೆಯಲ್ಲಿ, ಯಾರದೋ ಸಂಸಾರದ ಟೇಬಲ್ಲಿನ ತುದಿಯಲ್ಲಿ, ಅಜ್ಜಿ ಒಬ್ಬರು ಸೆರಗು ಹೊದ್ದು ಇಡ್ಲಿ ತಿನ್ನುತ್ತಿದ್ದರು. ಪಕ್ಕವೂ ಇಲ್ಲ, ಎದುರೂ ಇಲ್ಲ. ಅಜ್ಜನ ಕುರ್ಚಿ ವರ್ಷಕ್ಕೊಂದು ಅಕ್ಕಿಕಾಳಿನಂತೆ ಸರಿದೂ ಸರಿದೂ ಹಾಲು ದಾಟಿಬಿಟ್ಟಿದೆ ಅಂದುಕೊಂಡೆ.

ಅಜ್ಜನಿಗೆ ಇಡ್ಲಿ ವಡೆ ಬಂತು. ಇಡ್ಲಿ ಮುಗಿಸಿದರು. ವಡೆ ಮುಟ್ಟಲಿಲ್ಲ. ಅದನ್ನು ಬಟ್ಟಲು ಸಮೇತ ಎತ್ತಿಕೊಂಡು, ಟೇಬಲ್ಲುಗಳ ಸಂದಿಯಲ್ಲಿ, ಸಾಂಬಾರ್ ಬಕೆಟ್ಟು ತಪ್ಪಿಸಿಕೊಂಡು ಹೋಗಿ ಅಜ್ಜಿ ತಟ್ಟೆ ಪಕ್ಕ ಇಟ್ಟರು. ಅಜ್ಜಿ ತಲೆ ಎತ್ತಲಿಲ್ಲ. ಬಟ್ಟಲು ಹತ್ತಿರ ಎಳೆದುಕೊಂಡರು. ಅಜ್ಜ ವಾಪಸ್ ಬಂದು ಕೂತು ಕಾಫಿ ಹೇಳಿದರು.

ಹಾಲಿನ ಮಧ್ಯೆ ನಿಂತು ಇದನ್ನೆಲ್ಲ ನೋಡುತ್ತಿದ್ದ ಸಪ್ಲೈಯರ್ ಬಿಲ್ ಪುಸ್ತಕ ತೆಗೆದು ಕೂಗಿದ. “ಯಜಮಾನ್ರೇ, ಆ ವಡೆ ಯಾವ ಟೇಬಲ್ಲಿಗೆ ಬರೀಲಿ?”