32 ಕೆಬಿ ಎಲ್ಲಕ್ಕೂ ಮದ್ದಲ್ಲ

ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದ ಬ್ಲಾಕ್ ಗಾತ್ರವನ್ನು (ಅದು ಡೇಟಾವನ್ನು ಒಂದು ಸಲಕ್ಕೆ ಓದುವ, ಬರೆಯುವ ತುಣುಕಿನ ಅಳತೆ) 8 ಕೆಬಿಯಿಂದ 32 ಕೆಬಿಗೆ ಏರಿಸಿದರೆ ಯಾವ ಡೇಟಾಬೇಸ್ ಆದರೂ ಚುರುಕಾಗುತ್ತದೆ ಎಂದು ಲೇಖನವೊಂದರಲ್ಲಿ ಲೇಖಕರು ಹೇಳಿರುವ ಮಾತನ್ನು ನಾನು ಖಂಡಿತ ಒಪ್ಪುವುದಿಲ್ಲ. ದೊಡ್ಡ ಟೇಬಲ್ಲನ್ನು ಮೊದಲಿನಿಂದ ಕೊನೆಯವರೆಗೆ ಓದುವ ವರದಿಗಳಿಗೆ ಅದು ನೆರವಾಗಬಹುದು. ಆದರೆ ಅಲ್ಲೊಂದು ಇಲ್ಲೊಂದು ಸಾಲು ತಿದ್ದುವ ಬಿಲ್ಲಿಂಗ್‌ನಂಥ ಕೆಲಸಕ್ಕೆ? ಚೆಕ್‌ಪಾಯಿಂಟ್ (ಮೆಮೊರಿಯಲ್ಲಿನ ಬದಲಾವಣೆಗಳನ್ನು ಡಿಸ್ಕಿನ ಡೇಟಾ ಕಡತಗಳಿಗೆ ಇಳಿಸುವ ಘಟ್ಟ) ಆದ ಮೇಲೆ ಯಾವುದೇ ಬ್ಲಾಕನ್ನು ಮೊದಲ ಸಲ ತಿದ್ದಿದಾಗ ಪೋಸ್ಟ್‌ಗ್ರೆಸ್ ಆ ಇಡೀ ಬ್ಲಾಕನ್ನೇ ಬದಲಾವಣೆಗಳ ಲಾಗ್‌ಗೆ ಬರೆದಿಡುತ್ತದೆ. ನೂರು ಬೈಟಿನ ತಿದ್ದುಪಡಿಗೆ 8 ಕೆಬಿ ತೆರುತ್ತಿದ್ದವರು ಹೆಚ್ಚುಕಡಿಮೆ 32 ಕೆಬಿ ತೆರಬೇಕಾಗುತ್ತದೆ. ಬೇಕಾದ ಒಂದು ಸಾಲಿನ ಜೊತೆ ಬೇಡದ ನೂರಾರು ಸಾಲುಗಳೂ ಮೆಮೊರಿಯಲ್ಲಿ ಬಂದು ಕೂರುತ್ತವೆ.

ಇನ್ನೊಂದು ಮುಖ್ಯ ವಿಷಯ ಲೇಖನದಲ್ಲಿ ಬಂದೇ ಇಲ್ಲ. ಪೋಸ್ಟ್‌ಗ್ರೆಸ್‌ನಲ್ಲಿ ಈ ಗಾತ್ರ ನಿರ್ಧಾರವಾಗುವುದು ತಂತ್ರಾಂಶವನ್ನು ಕಂಪೈಲ್ ಮಾಡುವಾಗ, ಅಂದರೆ ಮೂಲ ಕೋಡಿನಿಂದ ಕಟ್ಟುವಾಗ. ನಾನು ಹಿಂದೆ ದುಡಿಯುತ್ತಿದ್ದ ಕಡೆ ಹಾಗೆ 32 ಕೆಬಿಗೆ ಕಟ್ಟಿಕೊಂಡಿದ್ದೆವು. ಒಂದು ರಾತ್ರಿ ಡಿಸ್ಕ್ ಕೆಟ್ಟಿತು. ಬ್ಯಾಕಪ್ ಕಡತಗಳನ್ನು ಮಾಮೂಲಿ ಪ್ಯಾಕೇಜ್ ಹಾಕಿದ ಬೇರೆ ಸರ್ವರಿಗೆ ತಂದರೆ ಅದು ಏಳಲೇ ಇಲ್ಲ. ಕಡತಗಳದ್ದು 32768 ಬೈಟ್ (32 ಕೆಬಿ), ಸರ್ವರಿನದ್ದು 8192 ಬೈಟ್ (8 ಕೆಬಿ), ಹೊಂದುವುದಿಲ್ಲ ಎಂದು ಸರ್ವರಿನ ಸಂದೇಶಗಳ ಲಾಗ್‌ನಲ್ಲಿ ಬಂದಿತ್ತು. ಅಲ್ಲೂ 32 ಕೆಬಿಗೆ ಕಂಪೈಲ್ ಮಾಡಿ ಮುಗಿಸುವಷ್ಟರಲ್ಲಿ ಬೆಳಗಾಗಿತ್ತು.

ಒರಾಕಲ್ ಡೇಟಾಬೇಸ್‌ನಲ್ಲಾದರೆ 9ಐ ಆವೃತ್ತಿಯಿಂದಲೇ ಟೇಬಲ್‌ಸ್ಪೇಸ್‌ಗೊಂದು (ಟೇಬಲ್‌ಗಳನ್ನು ಇಡುವ ವಿಭಾಗಕ್ಕೊಂದು) ಬ್ಲಾಕ್ ಗಾತ್ರ ಇಡಬಹುದು. ಮೈಎಸ್‌ಕ್ಯೂಎಲ್ ಡೇಟಾಬೇಸ್‌ನಲ್ಲಿ ಡೇಟಾ ಸಂಗ್ರಹಿಸುವ ಭಾಗವಾದ ಇನ್ನೋಡಿಬಿಯಲ್ಲಿ 4ರಿಂದ 64 ಕೆಬಿವರೆಗೆ ಆಯ್ಕೆ ಇದೆ, ಆದರೆ ಡೇಟಾ ಡೈರೆಕ್ಟರಿ ಸಿದ್ಧಪಡಿಸುವಾಗ ಒಮ್ಮೆ ಮಾತ್ರ. ಈ ವ್ಯತ್ಯಾಸಗಳನ್ನು ಲೇಖನಕ್ಕೆ ದಯವಿಟ್ಟು ಸೇರಿಸಿ; ಲೇಖನವನ್ನು ನಂಬಿ ನಾಳೆಯೇ ಕೈ ಹಾಕುವವರಿದ್ದಾರೆ.