ಕಮಲಾ ಭಾಗವತ್ ಪ್ರವೇಶದ ಬಗ್ಗೆ ಒಂದು ಸ್ಪಷ್ಟನೆ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 1933ರಲ್ಲೇ ಮಹಿಳೆಯರಿಗೆ ಸಮಾನವಾಗಿ ಬಾಗಿಲು ತೆರೆದಿತ್ತು, ಜೀವರಸಾಯನ ವಿಜ್ಞಾನಿ ಕಮಲಾ ಭಾಗವತ್ (ಮುಂದೆ ಸೊಹೋನಿ) ಅವರ ಸೇರ್ಪಡೆಯೇ ಅದಕ್ಕೆ ಸಾಕ್ಷಿ ಎಂಬ ಮಾತು ಹರಿದಾಡುತ್ತಿದೆ. ಇಸವಿ ಸರಿ, ಅರ್ಥ ತಪ್ಪು.

ಬಾಂಬೆ ವಿಶ್ವವಿದ್ಯಾಲಯದ ಪದವಿ ಪಡೆದು ಬಂದಿದ್ದ ಕಮಲಾ ಅವರ ಅರ್ಜಿಯನ್ನು ಆಗಿನ ನಿರ್ದೇಶಕ ಸಿ.ವಿ. ರಾಮನ್ ಮೊದಲು ತಿರಸ್ಕರಿಸಿದ್ದರು. ಕಾರಣ ಅಂಕಗಳಲ್ಲ, ಅವರು ಹೆಣ್ಣೆಂಬುದು. ಪಟ್ಟು ಬಿಡದೆ ಕೇಳಿದ ಮೇಲೆ ಸಿಕ್ಕ ಪ್ರವೇಶವೂ ಷರತ್ತಿನದಾಗಿತ್ತು: ಮೊದಲ ವರ್ಷ ಪರೀಕ್ಷಾರ್ಥವಾಗಿ ಮಾತ್ರ ಇರಬೇಕು, ಕೆಲಸ ತೃಪ್ತಿಕರವೆನಿಸಿದರಷ್ಟೇ ಮಾನ್ಯತೆ, ಮತ್ತು ಅವರ ಇರುವಿಕೆಯಿಂದ ಪುರುಷ ಸಂಶೋಧಕರ ಗಮನ ಕೆಡಬಾರದು. ಇದನ್ನು ಒಳಗೊಳ್ಳುವಿಕೆ ಎನ್ನುವುದಕ್ಕಿಂತ ಹೊಸ್ತಿಲ ಮೇಲೆ ನಿಲ್ಲಿಸುವುದು ಎನ್ನುವುದೇ ನ್ಯಾಯ. ಎಂ. ಶ್ರೀನಿವಾಸಯ್ಯ ಅವರ ಮಾರ್ಗದರ್ಶನದಲ್ಲಿ ಹಾಲು ಹಾಗೂ ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ದುಡಿದ ಅವರು, 1939ರಲ್ಲಿ ಕೇಂಬ್ರಿಜ್‌ನಿಂದ ಡಾಕ್ಟರೇಟ್ ಪಡೆದರು.

ಇದಕ್ಕೆ ಜೋಡಿಸಿ ಹೇಳಲಾಗುವ ಇನ್ನೊಂದು ಸಂಗತಿಯನ್ನೂ ತಿದ್ದಬೇಕು. ರಾಮನ್ ಪ್ರಯೋಗಾಲಯದಲ್ಲಿ ವಜ್ರ, ಮಾಣಿಕ್ಯಗಳ ಬೆಳಕಿನ ಗುಣಗಳನ್ನು ಅಧ್ಯಯನ ಮಾಡಿದ ಭೌತವಿಜ್ಞಾನಿ ಅಣ್ಣಾ ಮಣಿ ಅವರಿಗೆ ಪಿಎಚ್‌.ಡಿ. ತಪ್ಪಿಸಿದ್ದು ರಾಮನ್ ಅಲ್ಲ. ಸ್ನಾತಕೋತ್ತರ ಪದವಿ ಇಲ್ಲವೆಂಬ ಕಾರಣ ನೀಡಿ ಅದನ್ನು ನಿರಾಕರಿಸಿದ್ದು ಮದ್ರಾಸ್ ವಿಶ್ವವಿದ್ಯಾಲಯ. ಕಮಲಾ ಅವರಿಗೆ ಆದದ್ದು ವ್ಯಕ್ತಿಯ ಪೂರ್ವಗ್ರಹವಾದರೆ, ಮಣಿ ಅವರಿಗೆ ಆದದ್ದು ಮೇಲ್ನೋಟಕ್ಕೆ ಎಲ್ಲರಿಗೂ ಒಂದೇ ಎನಿಸುವ ನಿಯಮದ ಫಲ. ಎರಡನ್ನೂ ಒಬ್ಬರ ತಲೆಗೆ ಕಟ್ಟಿದರೆ ನಿಯಮದ ಪಾತ್ರ ಮರೆಯಾಗುತ್ತದೆ. ಮಣಿ ಅವರ ಪಿಎಚ್‌.ಡಿ. ಪ್ರಬಂಧ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ ಉಳಿದಿದೆ.